ಇಲಿಯಿಲ್ಲದ ಮನೆಯ ಬೆಕ್ಕು

ರೇಷ್ಮೆ ಹುಳುವಿಗೆ ಶತ್ರುಗಳು ಒಂದೆರಡಲ್ಲ. ಊಜಿ ನೊಣ ಬಾರದಂತೆ ಕಿಟಕಿಗೆ ಬಲೆ ಹೊಡೆಯಬಹುದು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಡಿಗೆ ನೀರಿನ ಬಟ್ಟಲಿಡಬಹುದು. ಇಲಿಯದೇ ತಲೆನೋವು. ರಾತ್ರಿ ತಟ್ಟೆಗೆ ನುಗ್ಗಿ ಹಣ್ಣಾದ ಹುಳುವನ್ನೂ ತಿನ್ನುತ್ತದೆ, ಚಂದ್ರಿಕೆಯಲ್ಲಿ ಕಟ್ಟಿದ ಗೂಡನ್ನೂ ಬಿಡುವುದಿಲ್ಲ. ಇಂಥ ಕಡೆ ಬೆಕ್ಕಿಗೆ ಬೆಲೆ. ಜಪಾನಿನ ಗುನ್ಮಾ ಪ್ರಾಂತ್ಯದ ರೇಷ್ಮೆ ಬೆಳೆಗಾರರು ಬೆಕ್ಕು ಸಾಲದೆಂದು ಬೆಕ್ಕಿನ ಚಿತ್ರವನ್ನೂ ಗೋಡೆಗೆ ಅಂಟಿಸುತ್ತಿದ್ದರು. ಆ ಸೀಮೆಯ ನಿತ್ತಾ ಮನೆತನದ ಪಾಳೆಯಗಾರರು ನಾಲ್ಕು ತಲೆಮಾರು ಅಂಥ ಚಿತ್ರ ಬರೆದುಕೊಟ್ಟರು.

ನಮ್ಮ ರೇಷ್ಮೆ ಸೀಮೆಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪೇಟೆಯಲ್ಲಿ ಈಗ ಬೆಕ್ಕಿನ ಬದುಕೇ ಬೇರೆ. ಮೂರನೇ ಮಹಡಿಯ ಬಾಡಿಗೆ ಮನೆ, ಟೈಲ್ಸ್ ನೆಲ, ಮುಚ್ಚಿದ ಬಾಗಿಲು. ಹೊರಗೆ ಬಿಡದಿರಲು ಒಳ್ಳೆಯ ಕಾರಣಗಳೇ ಇವೆ: ಬೀದಿನಾಯಿ, ಹೆದ್ದಾರಿಯ ವಾಹನ, ಪಕ್ಕದ ಮನೆಯವರು ಇಟ್ಟ ಇಲಿಪಾಷಾಣ, ಊರಂಚಿನಲ್ಲಿ ಚಿರತೆ. ಒಳಗಿದ್ದರೆ ಬೆಕ್ಕಿನ ಆಯಸ್ಸು ಹೆಚ್ಚು. ಆದರೆ ಅದರ ಮೈ ಮಾತ್ರ ಇನ್ನೂ ಹುಳು ಮನೆಯ ಕಾವಲಿಗೇ ತಯಾರಾಗಿ ಕೂತಿದೆ.

ಸಾಕುಬೆಕ್ಕಿನ ಮೂಲ ಪಶ್ಚಿಮ ಏಷ್ಯಾದ ಕಾಡುಬೆಕ್ಕು ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಧಾನ್ಯ ಕೂಡಿಟ್ಟ ಮನುಷ್ಯನ ಬಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆಯೇ ಮನುಷ್ಯನ ಪಕ್ಕದಲ್ಲಿ ಬೆಕ್ಕನ್ನು ಹೂತ ಗುಂಡಿ ಸಿಕ್ಕಿದೆ. ಇಷ್ಟು ಹಳೆಯ ಒಡನಾಟದಲ್ಲೂ ನಾಯಿ ಬದಲಾದಷ್ಟು ಬೆಕ್ಕು ಬದಲಾಗಲಿಲ್ಲ. ಒಂದು ಸುಂಡಿಲಿಯಿಂದ ಸಿಗುವುದು ಸುಮಾರು 30 ಕಿಲೋಕ್ಯಾಲರಿ. ಬೇಟೆಯನ್ನೇ ನಂಬಿದ ಬೆಕ್ಕಿಗೆ ದಿನಕ್ಕೆ ಎಂಟು-ಹತ್ತು ಇಲಿಯಾದರೂ ಬೇಕು, ಹಾರಿದ ಸಲವೆಲ್ಲ ಇಲಿ ಸಿಗುವುದೂ ಇಲ್ಲ. ಅಂದರೆ ಹೊಂಚುವುದು, ಹಾರುವುದು, ತಪ್ಪುವುದು, ಮತ್ತೆ ಕಾಯುವುದು, ಇದೇ ಅದರ ದಿನಚರಿ. ನಾವು ಇದನ್ನೆಲ್ಲ ತೆಗೆದು ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು ಎಂದು ಮಾಡಿಬಿಟ್ಟಿದ್ದೇವೆ. ನಸುಕಿನ ನಾಲ್ಕು ಗಂಟೆಗೆ ಹೊದಿಕೆಯೊಳಗಿನ ಕಾಲ್ಬೆರಳನ್ನು ಅದು ಕಚ್ಚಿದರೆ ತಪ್ಪು ಅದರದ್ದಲ್ಲ. ನಸುಕು, ಮುಸ್ಸಂಜೆಗಳೇ ಅದರ ಬೇಟೆಯ ಹೊತ್ತು.

ಊಟವನ್ನು ಆಟಿಕೆಯೊಳಗೆ ಅಡಗಿಸಿ ಇಡಿ, ಬೆಕ್ಕು ಹುಡುಕಿ ತಿಂದು ಖುಷಿಪಡುತ್ತದೆ ಎನ್ನುವ ಸಲಹೆ ಎಲ್ಲೆಡೆ ಕೇಳುತ್ತದೆ. ಪೂರ್ತಿ ನಂಬಬೇಡಿ. ಇಲಿ, ಕೋಳಿ, ಕೋತಿಗಳು ಪುಕ್ಕಟೆ ಊಟ ಎದುರಿಗಿದ್ದರೂ ದುಡಿದು ತಿನ್ನುವುದುಂಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯವರು 2021ರಲ್ಲಿ 17 ಬೆಕ್ಕುಗಳಿಗೆ ಇದೇ ಪರೀಕ್ಷೆ ಒಡ್ಡಿದಾಗ ಹೆಚ್ಚಿನವು ತಟ್ಟೆಯ ಕಡೆಗೇ ನಡೆದವು. ಅಡಗಿಸಿಡುವುದು ಹಾಗಾದರೆ ವ್ಯರ್ಥವೇ? ಅಲ್ಲ. ತಟ್ಟೆ ಜೊತೆಗಿರದಿದ್ದರೆ ಅದು ಹುಡುಕುತ್ತದೆ. ಊಟವನ್ನು ನಾಲ್ಕೈದು ಪಾಲು ಮಾಡಿ, ಒಂದು ಪಾಲು ಅಟ್ಟದ ಮೇಲೆ, ಇನ್ನೊಂದು ಮೊಟ್ಟೆಯ ರಟ್ಟಿನ ಗುಳಿಗಳಲ್ಲಿ ಇಟ್ಟರೆ ಖರ್ಚೂ ಇಲ್ಲ.

ಆಟದ ವಿಚಾರದಲ್ಲಿ ಪುರಾವೆ ಇನ್ನೂ ಗಟ್ಟಿ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಕಂಡಂತೆ, ಒಂದೇ ಆಟಿಕೆಯನ್ನು ಮೂರು ಸಲ ಕೊಡುವಷ್ಟರಲ್ಲಿ ಬೆಕ್ಕಿಗೆ ಬೇಸರ. ಬೇರೊಂದು ಕೊಟ್ಟರೆ ಮೊದಲಿಗಿಂತ ಜೋರಾಗಿ ಎಗರುತ್ತದೆ. ಬೇಸರವಾಗಿದ್ದು ಆಟಿಕೆಯ ಮೇಲೆ, ಆಟದ ಮೇಲಲ್ಲ. ಹಸಿದಿದ್ದರೆ ಆಟ ಇನ್ನೂ ಚುರುಕು. ಎಕ್ಸಿಟರ್ ವಿಶ್ವವಿದ್ಯಾಲಯದವರ 2021ರ ಅಧ್ಯಯನದಲ್ಲಿ ಹೊರಗೆ ಓಡಾಡುವ ಬೆಕ್ಕುಗಳ ಜೊತೆ ದಿನಕ್ಕೆ ಐದು-ಹತ್ತು ನಿಮಿಷ ಬೇಟೆಯಾಟ ಆಡಿದ್ದಕ್ಕೇ ಅವು ಮನೆಗೆ ಹಿಡಿದು ತರುವ ಇಲಿ-ಹಕ್ಕಿಗಳು ಕಾಲು ಭಾಗ ಕಡಿಮೆಯಾದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹತ್ತು ನಿಮಿಷ ಆಡಿಸಿ, ಕೊನೆಗೆ ಆಟಿಕೆಯನ್ನು ಹಿಡಿಯಲು ಬಿಟ್ಟು, ಮೇಲೆ ಊಟ ಹಾಕಿ. ಲೇಸರ್ ಚುಕ್ಕೆಯ ಆಟ ನನಗೆ ಹಿಡಿಸದಿರುವುದು ಇದಕ್ಕೇ. ಎಷ್ಟು ಓಡಿದರೂ ಪಂಜಕ್ಕೆ ಏನೂ ಸಿಗುವುದಿಲ್ಲ.

ಆಟಿಕೆಗೆ ಚನ್ನಪಟ್ಟಣದವರು ದೂರ ಹೋಗಬೇಕಿಲ್ಲ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕಿದ ಸಣ್ಣ ಚೆಂಡು, ಬುಗುರಿ ಬೆಕ್ಕಿಗೂ ಸೊಗಸು. ನಮ್ಮ ಕಣ್ಣು ಸೆಳೆಯುವ ಆ ಕೆಂಪು ಬೆಕ್ಕಿಗೆ ಕೆಂಪಾಗಿ ಕಾಣುವುದಿಲ್ಲ. ನೀಲಿ, ಹಳದಿಯ ಛಾಯೆಗಳಷ್ಟೇ ಅದರ ಪಾಲಿಗೆ. ಅದು ನೋಡುವುದು ಚಲನೆಯನ್ನು, ಕೇಳುವುದು ಮರ ಟೈಲ್ಸ್ ಮೇಲೆ ಉರುಳುವ ಸದ್ದನ್ನು. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತರೆ ಬೆಕ್ಕಿನದು 85ರವರೆಗೂ ಹೋಗುತ್ತದೆ. ರಾತ್ರಿ ಖಾಲಿ ಗೋಡೆಯನ್ನೇ ದಿಟ್ಟಿಸುತ್ತಿದ್ದರೆ ದೆವ್ವವಲ್ಲ, ಗೋಡೆಯಾಚೆಯ ಇಲಿಯ ಕೀರಲು ಇದ್ದೀತು. ಬಾಯಲ್ಲಿ ಹಿಡಿಯುವಷ್ಟು ಚಿಕ್ಕ ಬಿಡಿಭಾಗ ಇರುವ ಆಟಿಕೆ ಮಾತ್ರ ಬೇಡ.

ಅದಕ್ಕಿಂತ ದೊಡ್ಡ ಅಪಾಯ ನೂಲು. ನೂಲು ಬಿಚ್ಚುವ ಮನೆಗಳಿರುವ ರಾಮನಗರದಲ್ಲಿ ಇದನ್ನು ಒತ್ತಿ ಹೇಳಬೇಕು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿವೆ. ಒಮ್ಮೆ ಬಾಯಿಗೆ ಹೋದ ದಾರವನ್ನು ಅದು ಉಗುಳಲಾರದು, ನುಂಗುತ್ತದೆ. ದಾರದ ಒಂದು ತುದಿ ಒಳಗೆ ಸಿಕ್ಕಿಕೊಂಡರೆ ಕರುಳು ಲಾಡಿ ಎಳೆದ ಚೀಲದ ಬಾಯಿಯಂತೆ ನೆರಿಗೆಗಟ್ಟಿ ಹರಿಯಬಹುದು. ದಾರ ಕಟ್ಟಿದ ಕೋಲಿನಲ್ಲಿ ಆಡಿಸಿದರೆ ಆಟ ಮುಗಿದ ಕೂಡಲೇ ಕಪಾಟಿಗೆ ಸೇರಿಸಿ.

ಇನ್ನು ಅಡಗುತಾಣ. ಬೇಟೆಗಾರನಾದರೂ ಬೆಕ್ಕು ಚಿಕ್ಕ ಪ್ರಾಣಿ, ತಾನೂ ಬೇಟೆಯಾಗುವ ಭಯ ಅದಕ್ಕಿದೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳ ಪೈಕಿ ರಟ್ಟಿನ ಡಬ್ಬಿ ಸಿಕ್ಕವು ಬೇಗ ಹೊಂದಿಕೊಂಡವು. ಮಾವಿನ ಕಾಲದಲ್ಲಿ ನಮ್ಮ ಕಡೆ ಬಾದಾಮಿ ಹಣ್ಣಿನ ರಟ್ಟಿನ ಪೆಟ್ಟಿಗೆಗೇನು ಬರವೇ? ಸೋಫಾ ಕೆರೆಯುತ್ತಿದ್ದರೆ ಬೈಯುವ ಬದಲು ಮೂರಡಿ ಎತ್ತರದ ಕಂಬಕ್ಕೆ ಗೋಣಿ ಸುತ್ತಿ ನಿಲ್ಲಿಸಿ, ಅಲುಗಾಡಬಾರದು.

ಊಟದ ಬಗ್ಗೆಯೂ ಒಂದು ಮಾತು. ಹಾಲು-ಅನ್ನವೇ ಬೆಕ್ಕಿನ ಊಟ ಎನ್ನುವುದು ನಮ್ಮಲ್ಲಿ ಬೇರೂರಿದೆ. ಹೊರಗೆ ಇಲಿ, ಹಲ್ಲಿ ಹಿಡಿಯುತ್ತಿದ್ದ ಬೆಕ್ಕಿಗೆ ಅದು ನಡೆಯುತ್ತಿತ್ತು. ಒಳಗೇ ಇರುವ ಬೆಕ್ಕಿಗೆ ನಡೆಯದು. ಟಾರಿನ್ ಎಂಬ ಪದಾರ್ಥವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು, ಸಿಗುವುದು ಮಾಂಸ-ಮೀನಿನಲ್ಲಿ. ಅದು ಕಡಿಮೆಯಾದರೆ ಹೃದಯ ಹಿಗ್ಗಿ ಸೋಲುತ್ತದೆಂದು 1987ರಲ್ಲೇ ಗೊತ್ತಾಯಿತು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲೂ ಅರಗುವುದಿಲ್ಲ.

ಬೇಸರ, ಭಯಗಳು ಬೆಕ್ಕಿನ ಮೂತ್ರಕೋಶದಲ್ಲೂ ಕಾಣಿಸಿಕೊಳ್ಳುತ್ತವೆ. ಸೋಂಕಿಲ್ಲದೆಯೇ ಮೂತ್ರಕೋಶ ಉರಿಯುವ ಕಾಯಿಲೆಯನ್ನು ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಮನೆಯೊಳಗೇ ಇರುವ ಬೆಕ್ಕುಗಳಿಗೆ ಹತ್ತಲು ಎತ್ತರ, ಅಡಗಲು ಜಾಗ, ಆಡಲು ಜೊತೆ, ಶುಚಿಯಾದ ಮರಳಿನ ತಟ್ಟೆ ಒದಗಿಸಿದಾಗ ಕಾಯಿಲೆ ಮರುಕಳಿಸುವುದು ಎಷ್ಟೋ ತಗ್ಗಿತೆಂದು 2006ರಲ್ಲಿ ಅವರ ತಂಡ ವರದಿ ಮಾಡಿತು. ಹಬ್ಬಕ್ಕೆ ಮನೆ ತುಂಬ ನೆಂಟರು ಬಂದಾಗ, ಸುಣ್ಣ-ಬಣ್ಣದ ಕೆಲಸ ನಡೆದಾಗ ತಟ್ಟೆಯ ಕಡೆ ಕಣ್ಣಿಡಿ. ಗಂಡುಬೆಕ್ಕು ಮತ್ತೆ ಮತ್ತೆ ತಟ್ಟೆಯಲ್ಲಿ ಕೂತು ತಿಣುಕುತ್ತಿದ್ದು ಒಂದು ಹನಿಯೂ ಬಾರದಿದ್ದರೆ ಮನೆಮದ್ದು ಬೇಡ, ನಾಳೆ ನೋಡೋಣ ಎನ್ನುವುದೂ ಬೇಡ. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಒಂದೆರಡು ದಿನದಲ್ಲಿ ಪ್ರಾಣ ಬಿಡಬಹುದು. ಆಗಲೇ ಪಶುವೈದ್ಯರ ಬಳಿಗೆ ಹೊರಡಿ.