ಸಿನಿಮಾಕ್ಕೂ ಸಬ್ಸಿಡಿ!

ಸಬ್ಸಿಡಿ ಎಂದರೆ ನನಗೆ ನೆನಪಾಗುವುದು ಗೊಬ್ಬರ, ಗ್ಯಾಸ್ ಸಿಲಿಂಡರ್. ನ್ಯೂಜಿಲೆಂಡ್ ಸರ್ಕಾರ ವಿದೇಶಿ ಸಿನಿಮಾಗಳಿಗೂ ಕೊಡುತ್ತದೆ. ಕಂಪನಿ ಅಲ್ಲಿ ಚಿತ್ರೀಕರಣಕ್ಕೆ ಖರ್ಚು ಮಾಡಿದ ಪ್ರತಿ 100 ಡಾಲರಿಗೆ, ಲೆಕ್ಕ ಒಪ್ಪಿಗೆಯಾದ ಮೇಲೆ, 20 ಡಾಲರ್ ವಾಪಸ್. ದೇಶಕ್ಕೆ ವಿಶೇಷ ಲಾಭ ತೋರಿಸಿದರೆ ಇನ್ನೂ 5.

ಬಡಗಿ, ದರ್ಜಿ, ಡ್ರೈವರ್, ಹೋಟೆಲಿನವರಿಗೆಲ್ಲ ಕೆಲಸ ಸಿಗುತ್ತದೆ ಎಂಬುದು ಸರ್ಕಾರದ ವಾದ. ಸುಳ್ಳೇನಲ್ಲ. ಆದರೆ ದುಡ್ಡು ಜನರ ತೆರಿಗೆಯದು. ಮೇಲಾಗಿ ಕಂಪನಿಗಳಿಗೆ ಇಡೀ ಜಗತ್ತೇ ಸಂತೆ. 2010ರಲ್ಲಿ ‘ದಿ ಹಾಬಿಟ್’ ಕೈತಪ್ಪಬಾರದೆಂದು ಅಲ್ಲಿ ಪ್ರೋತ್ಸಾಹಧನ ಹೆಚ್ಚಿಸಿದ್ದಲ್ಲದೆ ಕಾರ್ಮಿಕ ಕಾನೂನನ್ನೇ ತಿದ್ದಿದರು. ನನಗೆ ಇದು ಸಬ್ಸಿಡಿಗಿಂತ ದುಬಾರಿ ಎನಿಸುತ್ತದೆ.

2021ರಲ್ಲಿ ಅಮೆಜಾನ್, ‘ದಿ ರಿಂಗ್ಸ್ ಆಫ್ ಪವರ್’ ಸರಣಿಯ ಮೊದಲ ಸೀಸನ್ ಅಲ್ಲಿ ಚಿತ್ರೀಕರಿಸಿ, ಎರಡನೆಯದನ್ನು ತೆರಿಗೆ ರಿಯಾಯಿತಿ ಇರುವ ಬ್ರಿಟನ್ನಿಗೆ ಒಯ್ಯುವುದಾಗಿ ಹೇಳಿತು. ಸರ್ಕಾರ ಹೆಚ್ಚುವರಿ 5ನ್ನು ಹಿಂತೆಗೆದುಕೊಂಡಿತು. ಆ 20ನ್ನು ಮಾತ್ರ ಕೊಡಲೇಬೇಕಾಯಿತು.