ಕೂಲಿಯವನ ಮುತ್ತಜ್ಜನ ಹೆಸರು ಎಲ್ಲಿ ಸಿಗುತ್ತೆ?

ನಿಮ್ಮ ಮುತ್ತಜ್ಜನ ಅಪ್ಪನ ಹೆಸರೇನು? ಒಂದು ನಿಮಿಷ ಟಿವಿ ಸೌಂಡ್ ಕಡಿಮೆ ಮಾಡಿ, ಯೋಚನೆ ಮಾಡಿ. ರಾಜಮನೆತನದವರಿಗೆ ಇದು ಕಷ್ಟದ ಪ್ರಶ್ನೆಯೇ ಅಲ್ಲ, ಅವರ ವಂಶ ಶಾಸನದಲ್ಲೇ ಇದೆ. ದೇಸಾಯರು, ಕುಲಕರ್ಣಿಯವರ ಮನೇಲಿ ದಫ್ತರ ಇರುತ್ತೆ. ಆದರೆ ಮುದ್ದೇಬಿಹಾಳದಿಂದ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗಿ ಗಾರೆ ಹೊರುವವನಿಗೆ?

ಅಮೆರಿಕದಲ್ಲಿ ಗಣಿಯಲ್ಲಿ, ಬಟ್ಟೆ ಗಿರಣಿಯಲ್ಲಿ ದುಡಿದವರ ಮೊಮ್ಮಕ್ಕಳು ಕಂಪ್ಯೂಟರ್ ಮುಂದೆ ಕೂತು ನಾಲ್ಕೈದು ತಲೆಮಾರು ಹಿಂದಕ್ಕೆ ಹೋಗಿಬಿಡ್ತಾರೆ. ಅದಕ್ಕೆ ಕಾರಣ ಜನಗಣತಿ. ಅಲ್ಲಿ 1850ರಿಂದಲೇ ಸ್ವತಂತ್ರ ಪ್ರಜೆಗಳ ಮನೆಯ ಪ್ರತಿಯೊಬ್ಬರ ಹೆಸರು ಬರೆದರು. 72 ವರ್ಷ ಕಳೆದ ಮೇಲೆ ಆ ಹಾಳೆಗಳನ್ನು ಜನರಿಗೆ ಬಿಟ್ಟುಕೊಡ್ತಾರೆ. 1950ರ ಗಣತಿ 2022ರ ಏಪ್ರಿಲ್ 1ರಂದು ಹೊರಬಂತು. ಗುಲಾಮರ ಮಕ್ಕಳಿಗೆ ಮಾತ್ರ ಅಲ್ಲೂ ಗೋಡೆ ಅಡ್ಡ ಬರುತ್ತೆ. 1870ಕ್ಕಿಂತ ಹಿಂದಿನ ಪಟ್ಟಿಗಳಲ್ಲಿ ಅವರ ವಯಸ್ಸಿದೆ, ಲಿಂಗವಿದೆ, ಬಹುತೇಕ ಹೆಸರೇ ಇಲ್ಲ.

ನಮ್ಮಲ್ಲಿ? 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಮನೆಯ ಹಾಳೆ ಗೋಪ್ಯ. ನಮಗೆ ಸಿಗೋದು ಬರೀ ಲೆಕ್ಕ. ಆ ಲೆಕ್ಕವೂ ಎದೆ ಝಲ್ ಅನ್ನಿಸುತ್ತೆ. ಇವತ್ತಿನ ವಿಜಯಪುರ ಸೀಮೆ ಆಗ ಕಲಾದಗಿ ಜಿಲ್ಲೆ. 1872ರಲ್ಲಿ ಅಲ್ಲಿದ್ದವರು ಸುಮಾರು 8.16 ಲಕ್ಷ. 1876-78ರ ಬರ ಬಂದು ಹೋದ ಮೇಲೆ, 1881ರಲ್ಲಿ 6.38 ಲಕ್ಷ. ಇಷ್ಟು ಜನ ಯಾರ ಅಜ್ಜ, ಯಾರ ಅಜ್ಜಿ? ಗಣತಿ ಹೇಳಲ್ಲ.

ಹಾಗಾದ್ರೆ ಹೇಳೋರು ಯಾರು? ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಾಗಿಲಿಗೆ ಬಂದು, ಆ ಮನೆಯ ಹಿರಿಯರ ಹೆಸರನ್ನು ತಲೆಮಾರು ತಲೆಮಾರಾಗಿ ಒಪ್ಪಿಸುವ ಅಲೆಮಾರಿಗಳು. ಮೂಲ ಯಾವ ಊರು, ಯಾವಾಗ ಬಿಟ್ಟರು, ಅಣ್ಣತಮ್ಮಂದಿರು ಎಲ್ಲಿ ಒಡೆದರು, ಎಲ್ಲ ಬಾಯಲ್ಲೇ. ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಸೇರಿಸಿಕೊಂಡು, ಜೋಳವೋ ಬಟ್ಟೆಯೋ ಪಡೆದು ಮುಂದಿನ ಊರಿಗೆ. ಈ ಕೆಲಸಕ್ಕೆ ಎತ್ತು, ಗಂಟೆ ಕೊಟ್ಟವರು ಬಸವಣ್ಣನವರೇ ಅನ್ನೋ ಕಥೆ ಅವರಲ್ಲಿದೆ. ಬಸವನ ಬಾಗೇವಾಡಿ ಪಕ್ಕದಲ್ಲೇ ಇದೆಯಲ್ಲ, ಈ ಕಡೆಯವರಿಗೆ ಅದು ಇನ್ನೂ ಹತ್ತಿರದ ಕಥೆ. ಇವತ್ತು ಅವರ ಹತ್ತಿರ ಪುಸ್ತಕವೂ ಇದೆ, ಗಾಡಿಯೂ ಇದೆ.

ಆದರೆ ಒಂದು ಮಾತು ನೇರವಾಗಿ ಹೇಳ್ತೀನಿ. ಹೆಳವರ ಪುಸ್ತಕ ಹೆಚ್ಚಾಗಿ ಒಕ್ಕಲು ಮನೆಗಳ ಪುಸ್ತಕ. ರಾಶಿ ಮಾಡಿ ಕಾಳು ಕೊಡುವ ಮನೆಗೆ ವಂಶ ಉಳೀತು. ಹೊಲವೇ ಇಲ್ಲದವನ ಬಾಗಿಲಿಗೆ ಗಂಟೆ ಸದ್ದು ಅಷ್ಟಾಗಿ ಬರಲಿಲ್ಲ. ಈಗಂತೂ ಹೆಳವ ಬಂದಾಗ ಬಾಗಿಲಿಗೆ ಬೀಗ, ಮನೆಯವರು ಮಂಗಳೂರಿನ ಶೆಡ್ಡಿನಲ್ಲಿ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಮೊದಲು ಅಡ್ಡಹೆಸರು ನೋಡಿ. ಬಡಿಗೇರ, ಕಂಬಾರ, ತಳವಾರ, ವಾಲೀಕಾರ ಅಂದ್ರೆ ಕಸುಬು. ಊರಿನ ಹೆಸರೇ ಅಡ್ಡಹೆಸರಾಗಿದ್ರೆ, ಹಿರಿಯರು ಅಲ್ಲಿಂದ ಬಂದಿರಬಹುದು, ಹುಡುಕಾಟ ಅಲ್ಲಿಂದ ಶುರು ಮಾಡಿ. ತಳವಾರ, ವಾಲೀಕಾರರಂಥ ಊರ ಚಾಕರಿಯವರಿಗೆ ಇನಾಂ ಜಮೀನಿತ್ತು. ಅದು ತಂದೆಯಿಂದ ಮಗನಿಗೆ ಹೋಗುತ್ತಿದ್ದರಿಂದ 1874ರ ವತನ ಕಾಯ್ದೆಯ ಕಾಲದ ದಾಖಲೆಗಳಲ್ಲಿ ವಾರಸುದಾರರ ಹೆಸರು ಬಿದ್ದಿದೆ. ವಿಚಿತ್ರ ನೋಡಿ, ಚಾಕರಿ ಮಾಡಿಸಿಕೊಂಡ ಸರ್ಕಾರವೇ ಚಾಕರನ ಹೆಸರನ್ನೂ ಉಳಿಸಿತು! 1956ರವರೆಗೆ ಇದು ಮುಂಬೈ ಆಡಳಿತದ ಜಿಲ್ಲೆ, ಹಾಗಾಗಿ ಹಳೇ ಕಾಗದ ಮೋಡಿ ಲಿಪಿಯಲ್ಲಿದ್ದರೆ ಗಾಬರಿಯಾಗಬೇಡಿ, ಓದಬಲ್ಲವರನ್ನು ಹುಡುಕಿ.

ಆಮೇಲೆ ಶಾಲೆಯ ದಾಖಲಾತಿ ಪುಸ್ತಕ. ಅಲ್ಲಿ ಊರಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿರ್ತಾರೆ, ಅದು ಹೆಡ್‌ಮಾಸ್ತರರ ಕೃಪೆ! ತಾರೀಖು ನಂಬಬೇಡಿ, ಅಪ್ಪನ ಹೆಸರು ನಂಬಿ. ಇನ್ನೊಂದು ಎಚ್ಚರ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತಾರೆ. ಸಂಗಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮತ್ತೆ ಸಂಗಪ್ಪ. ಕಾಗದದಲ್ಲಿ ಅಜ್ಜ-ಮೊಮ್ಮಗ ಒಬ್ಬನೇ ಆಗಿಬಿಡ್ತಾರೆ. ವರ್ಷ ನೋಡದೆ ಮುಂದೆ ಹೋಗಬೇಡಿ.

ಇದೆಲ್ಲ ಯಾಕೆ ಬೇಕು ಅಂತೀರಾ? ಕೃಷ್ಣೆಯ ದಂಡೆಯವರನ್ನ ಕೇಳಿ. ಆಲಮಟ್ಟಿ, ನಾರಾಯಣಪುರ ಅಣೆಕಟ್ಟುಗಳ ಹಿನ್ನೀರಲ್ಲಿ ಊರುಗಳೇ ಮುಳುಗಿವೆ. ಅಜ್ಜನ ಹೆಸರಲ್ಲೇ ಉಳಿದ ಜಮೀನು ಮೊಮ್ಮಕ್ಕಳ ಹೆಸರಿಗೆ ಬರಬೇಕಂದ್ರೆ ವಂಶಾವಳಿ ತನ್ನಿ ಅಂತಾರೆ. ಗೋವಾದಿಂದ ರಜೆ ಹಾಕಿ ಬಂದವನು ಅಜ್ಜನ ತಮ್ಮಂದಿರು ಎಷ್ಟು ಜನ ಅಂತ ಗೊತ್ತಿಲ್ಲದೆ ನಾಡಕಚೇರಿ ಮೆಟ್ಟಿಲ ಮೇಲೆ ಕೂತಿರ್ತಾನೆ.

ಅದೇ ವಂಶಾವಳಿ ಬರೆಸುವಾಗ ಅಕ್ಕತಂಗಿಯರ ಹೆಸರು ಬಿಡುವ ಚಾಳಿಯೂ ಇದೆ. ಮದುವೆಯಾಗಿ ಹೋದವರಲ್ವಾ ಅಂತ. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಹೆಸರು ಬಿಟ್ಟು ಬರೆಸಿದ ವಂಶಾವಳಿ ನಾಳೆ ಕೋರ್ಟಿಗೆ ಹೋಗುತ್ತೆ. ಕೊಟ್ಟ ಮನೆಯ ಊರಿನ ಸಮೇತ ಅವರ ಹೆಸರೂ ಬರೆಸಿ.