ಮಲಗಿರುವ ವಂಶವಾಹಿಯನ್ನು ಎಬ್ಬಿಸಬಹುದೇ?

ಕಳೆದ ಅಮಾವಾಸ್ಯೆಯಂದು ಶ್ರೀಮಠಕ್ಕೆ ಬಂದಿದ್ದ ಕೊಂಡ್ಲಹಳ್ಳಿಯ ಭಕ್ತ ದಂಪತಿಗಳು ಪ್ರಸಾದ ಸ್ವೀಕರಿಸಿದ ಬಳಿಕ ನಮ್ಮೊಡನೆ ಮಾತಿಗೆ ಕುಳಿತರು. ಅವರ ಆರು ವರ್ಷದ ಮಗನಿಗೆ ಥಲಸ್ಸೇಮಿಯಾ. ಮೂರು ವಾರಗಳಿಗೊಮ್ಮೆ ಚಿತ್ರದುರ್ಗಕ್ಕೆ ಕರೆದೊಯ್ದು ರಕ್ತ ಹಾಕಿಸಬೇಕು. ಮಲಗಿರುವ ಜೀನನ್ನು ಎಬ್ಬಿಸಿ ಈ ರೋಗವನ್ನು ವಾಸಿಮಾಡುವರೆಂದು ಯಾರೋ ಹೇಳಿದ್ದಾರೆ. ಹೊಲ ಮಾರಿದರೆ ಸಾಕಾದೀತೇ ಎಂಬುದು ಅವರ ಪ್ರಶ್ನೆ.

ಅವರು ಕೇಳಿದ ಸುದ್ದಿ ಸುಳ್ಳಲ್ಲ. ತಾಯಿಯ ಗರ್ಭದಲ್ಲಿರುವಾಗ ಶಿಶುವಿನ ರಕ್ತದಲ್ಲಿ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ಅದನ್ನು ತಯಾರಿಸುವ ವಂಶವಾಹಿ ಬಹುಮಟ್ಟಿಗೆ ಸುಮ್ಮನಾಗಿ, ದೊಡ್ಡವರ ಹಿಮೋಗ್ಲೋಬಿನ್ನಿನ ವಂಶವಾಹಿ ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಥಲಸ್ಸೇಮಿಯಾದಲ್ಲಿ ಕೆಟ್ಟಿರುವುದು ಈ ಎರಡನೆಯದು. ಮೊದಲನೆಯದು ಕೆಟ್ಟಿಲ್ಲ, ಸ್ವಿಚ್ಚು ಆರಿದೆ ಅಷ್ಟೆ. ಆರಿಸಿಟ್ಟಿರುವುದು ಬಿಸಿಎಲ್11ಎ ಎಂಬ ಇನ್ನೊಂದು ವಂಶವಾಹಿ. ಕ್ರಿಸ್ಪರ್ ಎಂಬ ಉಪಕರಣದಿಂದ ರಕ್ತದ ಮೂಲಕೋಶಗಳಲ್ಲಿ ಇದರ ಬಲವನ್ನು ಕತ್ತರಿಸಿದರೆ, ಶೈಶವದ ಹಿಮೋಗ್ಲೋಬಿನ್ ಮತ್ತೆ ತಯಾರಾಗತೊಡಗುತ್ತದೆ. ಕ್ರಿಸ್ಪರನ್ನು ರೂಪಿಸಿದ ಎಮ್ಯಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರ ನೊಬೆಲ್ ಪ್ರಶಸ್ತಿ ಸಂದಿತು. ಕ್ಯಾಸ್‌ಜೆವಿ ಎಂಬ ಹೆಸರಿನ ಈ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಮೊದಲು ಒಪ್ಪಿಗೆಯಿತ್ತಿತು. ಏನನ್ನೂ ಕತ್ತರಿಸದೆ, ಬೇಕಾದ ವಂಶವಾಹಿಯ ಬಳಿ ಹೋಗಿ ಕುಳಿತು ಅದನ್ನು ನೇರವಾಗಿ ಚಾಲೂ ಮಾಡುವ ಉಪಕರಣಗಳನ್ನೂ ವಿಜ್ಞಾನಿಗಳು ನಿರ್ಮಿಸಿದ್ದಾರೆ. ಅವು ಇನ್ನೂ ಹೆಚ್ಚಾಗಿ ಪ್ರಯೋಗಾಲಯದಲ್ಲಿಯೇ ಇವೆ.

ಆದರೆ ಹೊಲದ ಪ್ರಶ್ನೆಗೆ ಉತ್ತರ ಬೇರೆ. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರು, ಅಂದರೆ 18 ಕೋಟಿ ರೂಪಾಯಿಗೂ ಮೇಲೆ. ಒಪ್ಪಿಗೆ ದೊರೆತದ್ದು 12 ವರ್ಷ ತುಂಬಿದವರಿಗೆ. ತಿದ್ದಿದ ಕೋಶಗಳನ್ನು ದೇಹಕ್ಕೆ ಸೇರಿಸುವ ಮೊದಲು ತೀವ್ರವಾದ ಔಷಧದಿಂದ ಹಳೆಯ ಮಜ್ಜೆಯನ್ನು ಬರಿದುಮಾಡಬೇಕು. ಸೋಂಕಿನ ಭಯವುಂಟು, ಮುಂದೆ ಸಂತಾನಕ್ಕೂ ತೊಡಕಾಗಬಹುದು. ಹೊಲ ಮಾರಬೇಡಿರೆಂದೆವು. ಮುಂಗಡ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿರೆಂದೂ ಹೇಳಿದೆವು.

ಹಾಗಾದರೆ ದಾರಿಯಿಲ್ಲವೇ? ಒಡಹುಟ್ಟಿದವರ ಮಜ್ಜೆ ಹೊಂದಿಕೆಯಾದರೆ ಕಸಿ ಮಾಡಬಹುದು. ಅದಕ್ಕೆ ಕೋಲ್ ಇಂಡಿಯಾ ನೆರವಿನ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ 10 ಲಕ್ಷ ರೂಪಾಯಿಗಳವರೆಗೆ ಸಹಾಯವಿದೆ. ಈ ಬಾಲಕನಿಗೆ ಒಬ್ಬ ಅಕ್ಕನಿದ್ದಾಳೆ, ಹೊಂದಿಕೆಯಾಗುವ ಸಂಭವ ನಾಲ್ಕರಲ್ಲಿ ಒಂದು. ಪರೀಕ್ಷೆ ಇನ್ನೂ ಆಗಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಈ ರೋಗ ಸೇರಿರುವುದೂ ಅವರಿಗೆ ತಿಳಿದಿರಲಿಲ್ಲ. ಪದೇ ಪದೇ ರಕ್ತ ಪಡೆಯುವುದರಿಂದ ದೇಹದಲ್ಲಿ ಕಬ್ಬಿಣಾಂಶ ತುಂಬಿ ಹೃದಯ, ಯಕೃತ್ತುಗಳು ಕೆಡುತ್ತವೆ. ಅದನ್ನು ಹೊರಹಾಕುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ಬೆಲೆಯ ಕಾರಣಕ್ಕೆ ಇವರು ಎರಡು ತಿಂಗಳಿನಿಂದ ನಿಲ್ಲಿಸಿದ್ದರು. ನಮಗೆ ಜೀನಿನ ಸುದ್ದಿಗಿಂತ ಇದೇ ಹೆಚ್ಚು ಕಳವಳ ತಂದಿತು.

ಹೊರಡುವಾಗ ಆ ತಾಯಿ ಇನ್ನೊಂದು ಮಾತು ತಿಳಿಸಿದರು. ಮೈದುನನಿಗೆ ಅವನ ಅಕ್ಕನ ಮಗಳನ್ನೇ ತರುವ ಮಾತುಕತೆ ನಡೆದಿದೆ. ತಂದೆ ತಾಯಿ ಇಬ್ಬರೂ ನೋಡಲು ಆರೋಗ್ಯವಂತರಾದ ವಾಹಕರಾಗಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಈ ರೋಗದ ಸಂಭವ. ಒಂದೇ ಮನೆತನದೊಳಗಿನ ಸಂಬಂಧದಲ್ಲಿ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಹೆಚ್ಚು. ವಾಹಕರ ರಕ್ತಹೀನತೆಯನ್ನು ಕಬ್ಬಿಣದ ಕೊರತೆಯೆಂದೇ ಭಾವಿಸಿ ಮಾತ್ರೆ ನುಂಗಿಸುವುದುಂಟು. ಎಚ್‌ಬಿಎ2 ಎಂಬ ರಕ್ತಪರೀಕ್ಷೆಯಿಂದ ನಿಜ ತಿಳಿಯುತ್ತದೆ. ಹುಡುಗ ಹುಡುಗಿ ಇಬ್ಬರೂ ಈಗ ರಕ್ತ ಕೊಟ್ಟಿದ್ದಾರೆ. ವರದಿ ಬರುವವರೆಗೆ ನಿಶ್ಚಿತಾರ್ಥವನ್ನು ಮುಂದೂಡಲಾಗಿದೆ.